ಏಳು ಹೆಸರಿನ ಪಟ್ಟಿ: ಒಬ್ಬಳು ಯಾರಿಗೆ ಹೇಳಿದಳು, ಯಾರಿಗೆ ಹೇಳಲಿಲ್ಲ

ಅವಳ ಫೋನಿನ ನೋಟ್ಸ್‌ನಲ್ಲಿ ಒಂದು ಪಟ್ಟಿ ಇದೆ. ತಲೆಬರಹ ಇಲ್ಲ, ಏಳು ಸಾಲು ಅಷ್ಟೇ. ಗೆಳತಿ, ತಮ್ಮ, ಅಮ್ಮ, ಚಿಕ್ಕಮ್ಮ, ಟೀಮ್ ಲೀಡರ್, ಮನೆ ಓನರ್, ಅಪ್ಪ. ಯಾರಾದರೂ ಫೋನ್ ತೆಗೆದುಕೊಂಡು ನೋಡಿದರೂ ಏನೂ ಗೊತ್ತಾಗಲ್ಲ. ಯಾರ್ಯಾರಿಗೋ ಫೋನ್ ಮಾಡಬೇಕು ಅಂತ ಬರೆದಿಟ್ಟುಕೊಂಡ ಹಾಗಿದೆ. ಹಾಗೆ ಕಾಣಲಿ ಅಂತಲೇ ಅವಳು ಅದನ್ನು ಹಾಗೆ ಬರೆದದ್ದು.

ತಾನು ಲೆಸ್ಬಿಯನ್ ಅಂತ ಯಾರಿಗೆ ಮೊದಲು, ಯಾರಿಗೆ ಆಮೇಲೆ ಹೇಳಬೇಕು ಅನ್ನುವ ಪಟ್ಟಿ ಅದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬಳ ಬದುಕನ್ನು ಹಾಗೇ ಎತ್ತಿ ಇಟ್ಟಿದ್ದಲ್ಲ. ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ತಿರುವುಗಳನ್ನು ಸೇರಿಸಿ ಒಬ್ಬಳನ್ನು ಕಟ್ಟಿಕೊಂಡಿದ್ದೇನೆ. ಹೆಸರು, ಊರು ಬೇಕಂತಲೇ ಕೊಟ್ಟಿಲ್ಲ. ಮಧ್ಯದಲ್ಲಿ ಬರುವ ಅಧ್ಯಯನಗಳು, ಇಸವಿಗಳು, ಅಂಕಿಗಳು ಮಾತ್ರ ನಿಜವಾಗಿ ಇರುವಂಥವು.

ಇಂಥದ್ದನ್ನು ಹೇಳೋಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಕು, ಇಲ್ಲ ಅನ್ನಲ್ಲ. ಆದರೆ ಅವಳ ಪಟ್ಟಿ ನೋಡಿದರೆ ಬೇರೇನೋ ಕಾಣುತ್ತೆ. ಅದೇ ಹುಡುಗಿ, ಅದೇ ಧೈರ್ಯ. ಗೆಳತಿಗೆ ಹೇಳೋಕೆ ಒಂದು ಸಂಜೆ ಸಾಕಾಯ್ತು. ಅಮ್ಮನಿಗೆ ಹೇಳೋಕೆ ಅಲ್ಲಿಂದ ಇನ್ನೂ ಎರಡು ವರ್ಷ ಹಿಡಿಯಿತು. ಮನೆ ಓನರ್‌ಗೆ ಹೇಳುವ ಯೋಚನೆಯನ್ನೇ ಬಿಟ್ಟಳು. ಈ ವ್ಯತ್ಯಾಸ ಎಲ್ಲಿಂದ ಬಂತು? ಕೇಳಿಸಿಕೊಳ್ಳುವವರ ಕೈಯಲ್ಲಿ ಏನಿದೆ ಅನ್ನೋದರಿಂದ ಬಂತು ಅಂತ ನನ್ನ ಲೆಕ್ಕ. ಒಬ್ಬರ ಕೈಯಲ್ಲಿ ಮನೆಯ ಬೀಗದ ಕೈ ಇದೆ, ಇನ್ನೊಬ್ಬರ ಕೈಯಲ್ಲಿ ಬಡ್ತಿ ಇದೆ, ಮತ್ತೊಬ್ಬರ ಕೈಯಲ್ಲಿ ಸುದ್ದಿ ಹರಡುವ ಫೋನು ಇದೆ.

ಹಿನ್ನೆಲೆ

ಈಗ ಅವಳಿಗೆ 29. ಲೆಕ್ಕಪತ್ರ ನೋಡುವ ಕೆಲಸ. ಎರಡು ವರ್ಷಕ್ಕೆ ಚಿಕ್ಕ ತಮ್ಮ. ಅಪ್ಪ ರಿಟೈರ್ ಆಗಿದ್ದಾರೆ, ಮಾತು ಕಮ್ಮಿ. ಅಮ್ಮನದು ಆ ಮನೆಯ ಸುದ್ದಿ ಇಲಾಖೆ. ಅಪ್ಪನಿಗೆ ಏನು ಗೊತ್ತಾಗಬೇಕು, ಎಷ್ಟು ಗೊತ್ತಾಗಬೇಕು, ಯಾವ ಹೊತ್ತಿನಲ್ಲಿ ಗೊತ್ತಾಗಬೇಕು ಅನ್ನೋದೆಲ್ಲ ಅಮ್ಮನ ತೀರ್ಮಾನ. ನಾಲ್ಕು ವರ್ಷದಿಂದ ಅವಳು ಮತ್ತು ಅವಳ ಜೊತೆಗಾತಿ ಒಂದೇ ಮನೆಯಲ್ಲಿದ್ದಾರೆ. ಎರಡೂ ಕಡೆಯ ಮನೆಯವರ ಲೆಕ್ಕದಲ್ಲಿ ಇವರು ಬಹಳ ದಿನ ಬರೀ ರೂಮ್‌ಮೇಟ್‌ಗಳು.

ತನ್ನ ವಿಷಯ ತನಗೆ ಗೊತ್ತಾಗಿದ್ದು 15ನೇ ವಯಸ್ಸಿನಲ್ಲಿ. ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು 19ರಲ್ಲಿ. ಮಧ್ಯದ ನಾಲ್ಕು ವರ್ಷ ಅವಳ ಹತ್ತಿರ ಇದ್ದ ಪದಗಳೆಲ್ಲ ಬೈಗುಳಗಳು, ಇಲ್ಲಾ ಜೋಕುಗಳು. ಬೈಗುಳವನ್ನು ಇಟ್ಟುಕೊಂಡು ಯಾರಾದರೂ 'ನಾನು ಇದು' ಅಂತ ಹೇಳಿಕೊಳ್ಳೋಕೆ ಆಗುತ್ತಾ? ಹೇಳುವುದಕ್ಕಿಂತ ಮೊದಲು ಹೇಳುವಂಥ ಪದ ಬೇಕು, ಅದನ್ನು ಕೊಡೋದು ಸುತ್ತಲಿನ ಜನ.

20ರಲ್ಲಿ ಮೊದಲ ಸಲ ಹೇಳಿದಳು, ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬಳಿಗೆ. ಮುಖ ನೋಡಿರಲಿಲ್ಲ, ನಿಜವಾದ ಹೆಸರೂ ಗೊತ್ತಿರಲಿಲ್ಲ. ಆ ಹುಡುಗಿ ಪಟ್ಟಿಯಲ್ಲಿ ಇಲ್ಲ. ಯಾಕೆ ಅಂತ ಕೇಳಿದರೆ, 'ಅವಳು ಯಾರಿಗೂ ಹೇಳೋ ಹಾಗಿರಲಿಲ್ಲವಲ್ಲ, ಅದು ಲೆಕ್ಕಕ್ಕೆ ಬರಲ್ಲ' ಅಂದಳು. ನನಗೆ ಈ ಉತ್ತರ ಬಹಳ ಹಿಡಿಸಿತು. ಅವಳ ಪ್ರಕಾರ ಹೇಳೋದು ಅಂದರೆ, ಹೇಳಿದ ಮೇಲೆ ಏನಾದರೂ ಬದಲಾಗಬಹುದಾದ ಜಾಗದಲ್ಲಿ ಹೇಳೋದು.

ತಾನು ಗೇ ಅಥವಾ ಲೆಸ್ಬಿಯನ್ ಅಂತ ತನ್ನನ್ನು ಗುರುತಿಸಿಕೊಳ್ಳೋದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಏಣಿ ಇದೆ. ವಿವಿಯನ್ ಕ್ಯಾಸ್ 1979ರಲ್ಲಿ ಆರು ಹಂತಗಳನ್ನು ಹೇಳಿದರು. ಗೊಂದಲದಿಂದ ಶುರುವಾಗಿ ಹೋಲಿಕೆ, ಸಹಿಸಿಕೊಳ್ಳುವುದು, ಒಪ್ಪಿಕೊಳ್ಳುವುದು, ಹೆಮ್ಮೆ, ಕೊನೆಗೆ ಅದು ತನ್ನ ವ್ಯಕ್ತಿತ್ವದ ಒಂದು ಭಾಗವಾಗಿ ಬೆರೆತುಹೋಗುವುದು. ಆ ಕಾಲಕ್ಕೆ ಇದು ದೊಡ್ಡ ಕೆಲಸ, ಯಾಕೆಂದರೆ ಅಲ್ಲಿಯವರೆಗೆ ಇದನ್ನು ಕಾಯಿಲೆಯ ಹಾಗೆ ನೋಡುತ್ತಿದ್ದವರೇ ಜಾಸ್ತಿ. ಆದರೆ ಏಣಿ ಅಂದಮೇಲೆ ಹತ್ತೋದು ಒಬ್ಬರೇ, ಮೇಲೆ ಹೋದಷ್ಟೂ ಒಳ್ಳೆಯದು, ಕೆಳಗಿರುವವರು ಹಿಂದುಳಿದವರು ಅನ್ನುವ ಭಾವನೆ ಬಂದುಬಿಡುತ್ತೆ. ನಮ್ಮ ಹುಡುಗಿ ಗೆಳತಿಯ ಮುಂದೆ ಆರನೇ ಮೆಟ್ಟಿಲಲ್ಲಿದ್ದಳು, ಅದೇ ದಿನ ರಾತ್ರಿ ಅಪ್ಪನ ಫೋನ್ ಬಂದಾಗ ಏಣಿಯ ಹತ್ತಿರವೇ ಇರಲಿಲ್ಲ.

ಪದದ ಬಗ್ಗೆ ಒಂದು ಸಣ್ಣ ಅಡ್ಡ ಮಾತು. ಕನ್ನಡದಲ್ಲಿ ಇದಕ್ಕೆ 'ಕಮಿಂಗ್ ಔಟ್' ಅಂತಲೇ ಹೇಳುವವರು ಜಾಸ್ತಿ, ಬರೆಯುವಾಗ 'ಹೊರಬರುವುದು' ಅಂತ ಬರೆಯುತ್ತಾರೆ. ಆ ಇಂಗ್ಲಿಷ್ ಮಾತು ಮೊದಲು ಶ್ರೀಮಂತರ ಮನೆಯ ಹುಡುಗಿಯರನ್ನು ಸಮಾಜಕ್ಕೆ ಪರಿಚಯಿಸುವ ಸಮಾರಂಭದ ಮಾತು. 20ನೇ ಶತಮಾನದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಗೇ ಗಂಡಸರು ಅದನ್ನು ತಮಾಷೆಯಾಗಿ ಎತ್ತಿಕೊಂಡರು ಅಂತ ಇತಿಹಾಸಕಾರ ಜಾರ್ಜ್ ಚಾನ್ಸಿ ತೋರಿಸಿದ್ದಾರೆ. ಆಗ ಅದರ ಅರ್ಥ ತಮ್ಮಂಥವರ ನಡುವೆ ಕಾಲಿಡುವುದು. ಕಪಾಟಿನೊಳಗೆ ಬಚ್ಚಿಟ್ಟುಕೊಂಡವರು ಹೊರಗೆ ಬರೋದು ಅನ್ನುವ ಚಿತ್ರ ಸೇರಿಕೊಂಡಿದ್ದು 1960ರ ದಶಕದಲ್ಲಿ. ನಮ್ಮ 'ಹೇಳಿಕೊಳ್ಳುವುದು' ಅನ್ನುವುದರಲ್ಲಿ ಕಪಾಟು ಇಲ್ಲ, ಆದರೆ ಕಷ್ಟ ಹೇಳಿಕೊಂಡ, ತಪ್ಪು ಒಪ್ಪಿಕೊಂಡ ಅನ್ನುವುದರ ವಾಸನೆ ಇದೆ. ಅವಳು ಆ ಪದ ಬಳಸಲ್ಲ. 'ಹೇಳಿದೆ' ಅನ್ನುತ್ತಾಳೆ, ಅಷ್ಟೇ.

20ರಲ್ಲೇ ಮನೆಯಲ್ಲಿ ಯಾಕೆ ಹೇಳಲಿಲ್ಲ? ಫೀಸು ಕಟ್ಟುತ್ತಿದ್ದವರು ಅಪ್ಪ. ಅದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ತನ್ನ ಓದು, ತಾನು ಮಲಗುವ ಜಾಗ, ಫೋನಿನ ರೀಚಾರ್ಜು ಎಲ್ಲ ಒಬ್ಬರ ಕೈಯಲ್ಲಿರುವಾಗ ಆ ಒಬ್ಬರಿಗೆ ಬೇಸರವಾಗುವ ಮಾತನ್ನು ಆಡೋದು ಹೇಗೆ. ಈ ಭಯ ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಕೇಟ್ಲಿನ್ ರಯನ್ ಮತ್ತು ಸಂಗಡಿಗರು 21ರಿಂದ 25 ವರ್ಷದ 224 ಜನ ಗೇ, ಲೆಸ್ಬಿಯನ್, ಬೈಸೆಕ್ಷುಯಲ್ (ಗಂಡು ಹೆಣ್ಣು ಇಬ್ಬರ ಮೇಲೂ ಆಕರ್ಷಣೆ ಇರುವ) ಯುವಜನರನ್ನು ಮಾತಾಡಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹದಿಹರೆಯದಲ್ಲಿ ಮನೆಯವರಿಂದ ಜಾಸ್ತಿ ತಿರಸ್ಕಾರ ಕಂಡವರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದು ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡವರಿಗಿಂತ 8.4 ಪಟ್ಟು ಹೆಚ್ಚು, ತೀವ್ರ ಖಿನ್ನತೆ 5.9 ಪಟ್ಟು ಹೆಚ್ಚು. ತಿರಸ್ಕಾರವೇ ಕಾರಣ ಅಂತ ಇಂಥ ಅಧ್ಯಯನ ಒಂದರಿಂದಲೇ ಸಾಬೀತಾಗಲ್ಲ, ನಿಜ. ಆದರೂ 'ಮನೆಯಲ್ಲಿ ಹೇಳಿಬಿಡು, ಹಗುರ ಆಗುತ್ತೆ' ಅಂತ 17 ವರ್ಷದ ಮಗುವಿಗೆ ಹೇಳುವವರು ಈ ಅಂಕಿಯನ್ನು ಒಂದು ಸಲ ನೋಡಲಿ.

ಕೆಲಸ ಸಿಕ್ಕಿತು, ತನ್ನ ಸಂಬಳದಲ್ಲಿ ಬಾಡಿಗೆ ಕಟ್ಟುವ ಹಾಗಾಯ್ತು. ಅದಾದ ಮೇಲೆ, 26ನೇ ವಯಸ್ಸಿನಲ್ಲಿ, ಪಟ್ಟಿ ಬರೆದಳು. ಅಷ್ಟು ದಿನ 'ನಾಲ್ಕು ಜನ ಏನಂತಾರೆ' ಅನ್ನುವ ಭಯ ಇತ್ತಲ್ಲ, ಆ ನಾಲ್ಕು ಜನ ಯಾರು ಅಂತ ಒಂದು ದಿನ ಕೂತು ಬರೆದರೆ ಏಳು ಜನ ಆದರು.

ಮೊದಲನೆಯ ಹೆಸರು

ಗೆಳತಿ ಕಾಲೇಜಿನಿಂದ ಜೊತೆಗಿದ್ದವಳು, ಆಗಷ್ಟೇ ಮದುವೆಯಾಗಿತ್ತು. ನೇರವಾಗಿ ಹೇಳುವ ಮೊದಲು ಅವಳು ಮೂರು ತಿಂಗಳು ಹದ ನೋಡಿದಳು. ಎಲ್ಲೋ ಒಂದು ದೇಶದಲ್ಲಿ ಇಬ್ಬರು ಹೆಂಗಸರು ಮದುವೆಯಾದ ಸುದ್ದಿ ಕಳಿಸಿ, 'ನೋಡಿದ್ಯಾ?' ಅಂತ ಕೇಳೋದು. ಯಾವುದೋ ಸೀರಿಯಲ್‌ನ ಗೇ ಪಾತ್ರದ ಬಗ್ಗೆ ಮಾತು ತೆಗೆದು ಗೆಳತಿಯ ಮುಖ ನೋಡೋದು. ಇದನ್ನು ಬಹಳ ಜನ ಮಾಡುತ್ತಾರೆ. ಎದುರಿನವರಿಗೆ ಅದು ಪರೀಕ್ಷೆ ಅಂತ ಗೊತ್ತೇ ಇರಲ್ಲ. ಊಹೆ ಮಾಡಿ, ಮನೆಯಲ್ಲಿ ಟೀವಿ ನೋಡುತ್ತಾ ನೀವು ಏನೋ ಒಂದು ಕೊಂಕು ಮಾತಾಡಿ ಮರೆತುಬಿಡುತ್ತೀರಿ. ಪಕ್ಕದಲ್ಲಿ ಕೂತವರು ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಎರಡು ಸಾಲು ಕೆಳಗಿಳಿಸಿರುತ್ತಾರೆ.

ಒಂದು ಸಂಜೆ ಮೆಸೇಜ್ ಬರೆದಳು. ಅಳಿಸಿದಳು. ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು ಇಷ್ಟು: 'ನಾನೂ ಅವಳೂ ಬರೀ ರೂಮ್‌ಮೇಟ್ಸ್ ಅಲ್ಲ. ಅರ್ಥ ಆಯ್ತಲ್ವಾ?' ಎರಡು ಗೆರೆ ನೀಲಿಯಾದವು. 'ಟೈಪಿಂಗ್' ಅಂತ ಬಂತು, ಹೋಯ್ತು. ಮತ್ತೆ ಬಂತು, ಹೋಯ್ತು. ಮೂರನೇ ಸಲ ಬಂದಾಗ ಅವಳು ಫೋನನ್ನು ದಿಂಬಿನ ಕೆಳಗೆ ತಳ್ಳಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಬಂದು ನೋಡಿದರೆ ಉತ್ತರ ಇತ್ತು. 'ನಂಗೆ ಅನುಮಾನ ಇತ್ತು ಕಣೇ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಸಿಟ್ಟು ಬಂತು, ಅದನ್ನ ಬರೆದು ಅಳಿಸ್ತಿದ್ದೆ.'

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಗೆಳತಿ ಅದನ್ನು ಗಂಡನಿಗೆ ಹೇಳಿದಳು. ಕೆಟ್ಟ ಮನಸ್ಸಿನಿಂದ ಖಂಡಿತ ಅಲ್ಲ. ಗಂಡನ ಹತ್ತಿರ ಮುಚ್ಚುಮರೆ ಯಾಕೆ ಅಂತ. ಆ ಗಂಡನಿಗೂ ಇವಳ ತಮ್ಮನಿಗೂ ಪರಿಚಯ, ವಾರಕ್ಕೊಮ್ಮೆ ಒಟ್ಟಿಗೆ ಆಟ ಆಡುವವರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಪಟ್ಟಿ ಬರೆಯುವಾಗ ಅವಳು ಏಳು ಜನರನ್ನು ಏಳು ಬಿಡಿ ಮನುಷ್ಯರು ಅಂದುಕೊಂಡಿದ್ದಳು. ಅವರೆಲ್ಲ ಒಂದೇ ದಾರದಲ್ಲಿ ಕಟ್ಟಿಕೊಂಡವರು, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲುಗಾಡುತ್ತೆ ಅಂತ ಗೊತ್ತಾಗಿದ್ದು ಆಮೇಲೆ.

ಇಂಥದ್ದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಆಲಿವರ್ ಸಿಪಲ್ ಅನ್ನುವವರ ಕಥೆ ನೋಡಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಮಾಜಿ ಸೈನಿಕ. 1975ರ ಸೆಪ್ಟೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮೇಲೆ ಒಬ್ಬಾಕೆ ಗುಂಡು ಹಾರಿಸಿದಳು. ಸಿಪಲ್ ಅವಳ ಮೇಲೆರಗಿ ಕೈ ಹಿಡಿದು ಇನ್ನೊಂದು ಗುಂಡು ಹಾರದ ಹಾಗೆ ತಡೆದರು. ಎರಡೇ ದಿನದಲ್ಲಿ ಪತ್ರಿಕೆಗಳಲ್ಲಿ ಅವರು ಗೇ ಅನ್ನೋದೂ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಗೆಳೆಯರಿಗೆಲ್ಲ ಅದು ಗೊತ್ತಿದ್ದ ವಿಷಯವೇ. ದೂರದ ಡೆಟ್ರಾಯಿಟ್‌ನಲ್ಲಿದ್ದ ಅಪ್ಪ ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಮನೆಯವರು ಮಾತು ಬಿಟ್ಟರು. ಸಿಪಲ್ ಪತ್ರಿಕೆಗಳ ಮೇಲೆ ಕೇಸು ಹಾಕಿದರು, 1984ರಲ್ಲಿ ಸೋತರು. ಇಷ್ಟೊಂದು ಜನಕ್ಕೆ ಮೊದಲೇ ಗೊತ್ತಿದ್ದದ್ದು ಗುಟ್ಟು ಹೇಗಾಗುತ್ತೆ ಅನ್ನೋದು ಕೋರ್ಟಿನ ವಾದ. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ನೂರು ಜನಕ್ಕೆ ಗೊತ್ತಿರೋದೂ ಅಮ್ಮನಿಗೆ ಗೊತ್ತಾಗೋದೂ ಒಂದೇ ಅಂತ ಹೇಳುವವರಿಗೆ ಅಮ್ಮ ಇದ್ದಾರಾ ಅಂತ ನನಗೆ ಅನುಮಾನ.

ತಮ್ಮ

ಪಟ್ಟಿಯ ಪ್ರಕಾರ ತಮ್ಮನಿಗೆ ಹೇಳಬೇಕಾಗಿದ್ದು ಮುಂದಿನ ವರ್ಷ. ಗೆಳತಿಯ ಗಂಡನ ಬಾಯಿಂದ ಅವನ ಕಿವಿಗೆ ಬೀಳುವ ಮೊದಲು ತಾನೇ ಹೇಳಬೇಕು ಅಂತ ಅದೇ ವಾರ ಓಡಿದಳು. ಅವಸರದಲ್ಲಿ ಹೇಳಿದ್ದು ಅವಸರದ ಹಾಗೇ ಆಯ್ತು. ಅವನು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ: 'ಅಕ್ಕಾ, ಹಾಗಾದ್ರೆ ನನ್ನ ಮದುವೆ ಕಥೆ ಏನು?'

ಅವಳಿಗೆ ಇದು ಬಹಳ ನೋವು ಮಾಡಿತು. ಈಗಲೂ ಹೇಳುವಾಗ ಗಂಟಲು ಕಟ್ಟುತ್ತೆ. ಆದರೆ ಪ್ರಕರಣ ಅಂತ ನೋಡುವಾಗ ತಮ್ಮನ ಕಡೆಗೂ ನೋಡಬೇಕು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ಇದನ್ನು ಬರೆದಿದ್ದರು. ಕಳಂಕ ಅಂತ ಜನ ಯಾವುದನ್ನು ಅಂದುಕೊಳ್ಳುತ್ತಾರೋ ಅದು ಆ ವ್ಯಕ್ತಿಗೆ ಮಾತ್ರ ನಿಲ್ಲಲ್ಲ, ಹತ್ತಿರದವರಿಗೂ ಅಂಟುತ್ತೆ. ತಮ್ಮನಿಗೆ ಅಕ್ಕ ತಪ್ಪು ಮಾಡಿದಳು ಅಂತ ಅನ್ನಿಸಿರಲಿಲ್ಲ. ಇನ್ನು ಮುಂದೆ ತಾನೂ ಯಾರಿಗೋ ಹೇಳಬೇಕು, ಹೇಳದೆ ಇದ್ದರೆ ಮುಚ್ಚಿಡಬೇಕು, ಆ ಕೆಲಸ ತನ್ನ ತಲೆಗೆ ಬಂತು ಅನ್ನೋದು ಅವನ ಗಾಬರಿ. ಅವನು ಮದುವೆಯಾಗಬೇಕು ಅಂತಿದ್ದ ಹುಡುಗಿಗೆ ಹೇಳೋಕೆ ಅವನಿಗೆ ಎಂಟು ತಿಂಗಳು ಬೇಕಾಯ್ತು. ಹೇಳಿದ ದಿನ ಅಕ್ಕನಿಗೆ ಫೋನ್ ಮಾಡಿ, 'ನಿಂಗೆ ಹೆಂಗಾಗಿರ್ಬೇಕು ಅಂತ ಇವತ್ತು ಗೊತ್ತಾಯ್ತು' ಅಂದ. ಆ ಹುಡುಗಿ ಏನೂ ತಲೆ ಕೆಡಿಸಿಕೊಳ್ಳಲಿಲ್ಲವಂತೆ.

ಆಫೀಸು, ಮತ್ತೆ 'ಅವರು'

ಕನ್ನಡದಲ್ಲಿ ಒಂದು ಅನುಕೂಲ ಇದೆ. 'ಅವರು' ಅಂದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ. 'ಅವರಿಗೆ ಹುಷಾರಿಲ್ಲ', 'ಅವರು ಬರ್ತಾರೆ', 'ನಮ್ಮನೆಯವರು ಹೇಳಿದ್ರು', ಹೀಗೆ ವರ್ಷಗಟ್ಟಲೆ ಮಾತಾಡಬಹುದು, ಒಂದು ಸುಳ್ಳೂ ಹೇಳಬೇಕಾಗಲ್ಲ. ಅವಳು ಆಫೀಸಿನಲ್ಲಿ ಹಾಗೇ ಮಾಡಿದಳು. ಆದರೆ ಈ ಅನುಕೂಲಕ್ಕೂ ಒಂದು ಮಿತಿ ಇದೆ. ತನ್ನದೇ ವಯಸ್ಸಿನವರನ್ನು, ಒಂದೇ ಮನೆಯಲ್ಲಿರುವವರನ್ನು ಯಾರು ಅಷ್ಟೊಂದು ಬಹುವಚನದಲ್ಲಿ ಕರೆಯುತ್ತಾರೆ? ಒಂದು ದಿನ ಪಕ್ಕದ ಸೀಟಿನವಳು ನಗುತ್ತಾ ಕೇಳಿಯೇಬಿಟ್ಟಳು, 'ಯಾರ್ರೀ ಅದು, ಅಷ್ಟೊಂದು ಮರ್ಯಾದೆ?'

ಅವಳು ನಕ್ಕು ಮಾತು ತೇಲಿಸಿದಳು. ಆದರೆ ಅವತ್ತಿಂದ ಇನ್ನೂ ಎಚ್ಚರವಾದಳು. ಸೋಮವಾರ ಬೆಳಿಗ್ಗೆ 'ರಜೆಯಲ್ಲಿ ಏನು ಮಾಡಿದ್ರಿ' ಅಂತ ಕೇಳಿದರೆ 'ಏನಿಲ್ಲ, ಮನೇಲೇ ಇದ್ದೆ' ಅನ್ನೋದು. ಒಟ್ಟಿಗೆ ಕೂತು ಹರಟುವಾಗ ಎದ್ದು ಹೋಗೋದು. ಕೆಲಸದಲ್ಲಿ ಚುರುಕು, ಜನರ ಜೊತೆ ಬೆರೆಯಲ್ಲ ಅನ್ನುವ ಹೆಸರು ಬಂತು. ವರ್ಷದ ಕೊನೆಯ ಮೌಲ್ಯಮಾಪನದಲ್ಲೂ ಅದೇ ಮಾತು ಬಂತು. ಗುಟ್ಟು ಇಟ್ಟುಕೊಳ್ಳೋದಕ್ಕೆ ಖರ್ಚಿಲ್ಲ ಅಂದುಕೊಂಡಿದ್ದ ಲೆಕ್ಕದ ಹುಡುಗಿ ಆ ದಿನ ಮೊದಲ ಸಲ ಅದರ ಖರ್ಚು ಬರೆದುಕೊಂಡಳು.

ಟೀಮ್ ಲೀಡರ್‌ಗೆ ಹೇಳೋಕೆ ಅವಳಿಗೆ ಧೈರ್ಯ ಕೊಟ್ಟದ್ದು ಭಾಷಣವೂ ಅಲ್ಲ, ಬಣ್ಣದ ಪೋಸ್ಟರೂ ಅಲ್ಲ. ಆರೋಗ್ಯ ವಿಮೆಯ ಫಾರ್ಮಿನಲ್ಲಿ 'ಗಂಡ/ಹೆಂಡತಿ' ಅಂತ ಇದ್ದ ಜಾಗದಲ್ಲಿ ಆ ವರ್ಷ 'ಸಂಗಾತಿ' ಅಂತ ಬಂದಿತ್ತು. ಒಂದು ಪದ. ಯಾರೋ ಕೂತು ಯೋಚನೆ ಮಾಡಿ ಬದಲಾಯಿಸಿದ್ದಾರೆ, ಅಂದರೆ ತಾನು ಮೊದಲನೆಯವಳಲ್ಲ ಅಂತ ಅವಳಿಗೆ ಅನ್ನಿಸಿತು. ಲೀಡರ್ 'ಸರಿ, ಫಾರ್ಮ್ ಶುಕ್ರವಾರದೊಳಗೆ ಕೊಡಿ' ಅಂದರು, ಅಷ್ಟೇ. ಇಷ್ಟು ಬೋಳು ಉತ್ತರ ಇಷ್ಟು ಖುಷಿ ಕೊಡಬಹುದು ಅಂತ ಗೊತ್ತಿರಲಿಲ್ಲ ಅನ್ನುತ್ತಾಳೆ.

ಜೊತೆಗಾತಿಯ ಕಥೆಯೇ ಬೇರೆ

ಅವಳ ಜೊತೆಗಾತಿ ಬೈಸೆಕ್ಷುಯಲ್. ಮನೆಯಲ್ಲಿ ಬೇಗನೇ ಹೇಳಿದ್ದಳು, 22ರಲ್ಲಿ. ಬಂದ ಉತ್ತರ: 'ಹಾಗಾದ್ರೆ ಗಂಡಸನ್ನೇ ಆರಿಸ್ಕೋ, ತೊಂದ್ರೆ ಏನು?' ಅಲ್ಲಿಗೆ ಮಾತು ಮುಗಿಯಿತು. ಅವರ ಮಟ್ಟಿಗೆ ಆ ವಿಷಯ ಇತ್ಯರ್ಥವಾಯ್ತು. ಇವಳು ಮತ್ತೆ ಬಾಯಿ ಬಿಡಲಿಲ್ಲ. ಈ ಕಡೆ ಲೆಸ್ಬಿಯನ್ ಗೆಳತಿಯರ ಗುಂಪಿನಲ್ಲೂ 'ನೀನು ಕೊನೆಗೆ ಯಾವನನ್ನೋ ಮದುವೆ ಆಗಿಬಿಡ್ತೀಯ ಬಿಡು' ಅನ್ನುವ ಚುಚ್ಚು ಮಾತು. ಎರಡೂ ಕಡೆ ನಂಬದಿದ್ದರೆ ಹೇಳೋದು ಯಾಕೆ ಅನ್ನಿಸುತ್ತೆ, ಅಲ್ವಾ? ಅಮೆರಿಕದ ಪ್ಯೂ ಸಂಸ್ಥೆ 2013ರಲ್ಲಿ ಸಮೀಕ್ಷೆ ಮಾಡಿದಾಗ, ತಮ್ಮ ಬದುಕಿನ ಮುಖ್ಯ ಜನರಲ್ಲಿ ಎಲ್ಲರಿಗೂ ಅಥವಾ ಹೆಚ್ಚಿನವರಿಗೆ ಗೊತ್ತಿದೆ ಅಂತ ಹೇಳಿದವರು ಗೇ ಗಂಡಸರಲ್ಲಿ 77%, ಲೆಸ್ಬಿಯನ್ನರಲ್ಲಿ 71%. ಬೈಸೆಕ್ಷುಯಲ್ ಜನರಲ್ಲಿ 28%. ಬೈಸೆಕ್ಷುಯಲ್‌ಗಳಿಗೆ ಧೈರ್ಯ ಅರ್ಧಕ್ಕಿಂತ ಕಮ್ಮಿ ಅಂತ ಇದಕ್ಕೆ ಅರ್ಥವೇ? ಕೇಳಿಸಿಕೊಂಡವರು ಅದನ್ನು ಕೇಳಿಸಿಕೊಂಡ ಹಾಗೇ ಇಟ್ಟುಕೊಳ್ಳಲ್ಲ, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತಾರೆ.

ಅಮ್ಮ

28 ತುಂಬಿದ ಮೇಲೆ, ಮನೆಗೆ ಹೋಗಿದ್ದಾಗ. ರಾತ್ರಿ. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದರು. ಅವಳೂ ಎದುರು ಕೂತು ಒಂದು ಬೆಡ್‌ಶೀಟಿನ ಎರಡು ಮೂಲೆ ಹಿಡಿದಳು. ಮುಖ ನೋಡದೆ ಮಾತಾಡೋಕೆ ಅದು ಒಳ್ಳೆಯ ಕೆಲಸ, ಬೇಕಂತಲೇ ಆ ಹೊತ್ತು ಆರಿಸಿಕೊಂಡಿದ್ದಳು. ಹೇಳಿದಳು. ಬೆಡ್‌ಶೀಟ್ ಇಬ್ಬರ ನಡುವೆ ಬಿಗಿಯಾಗಿ ನಿಂತಿತು. ಅಮ್ಮ ಬಿಡಲೂ ಇಲ್ಲ, ಮಡಚಲೂ ಇಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: 'ಯಾರ್ಯಾರಿಗೆ ಗೊತ್ತು?'

ಯಾಕೆ ಹೀಗೆ, ಯಾವಾಗಿಂದ ಅನ್ನೋದೆಲ್ಲ ಆಮೇಲೆ ಬಂತು. ಮೊದಲು ಬಂದದ್ದು ಯಾರ್ಯಾರಿಗೆ ಗೊತ್ತು ಅನ್ನೋದು. ಅವಳು ಉತ್ತರ ಹೇಳುತ್ತಾ ಹೋದಳು. ಗೆಳತಿ, ಅವಳ ಗಂಡ, ತಮ್ಮ, ತಮ್ಮನ ಹುಡುಗಿ, ಆಫೀಸಿನಲ್ಲಿ ಒಬ್ಬರು. 'ಅಷ್ಟು ಜನಕ್ಕೆ ಹೇಳಿ ಆಮೇಲೆ ನನಗಾ?' ಅಂತ ಅಮ್ಮ ಕಣ್ಣೊರೆಸಿಕೊಂಡರು. ಅವಳು ಯೋಚಿಸಿದ್ದು ಅಮ್ಮನನ್ನು ಕಾಪಾಡೋಕೆ ಹೇಳೋದನ್ನು ಮುಂದೂಡಿದೆ ಅಂತ. ಅಮ್ಮನಿಗೆ ಕಂಡದ್ದು ತನ್ನ ಮಗಳ ಬದುಕಿನಲ್ಲಿ ತಾನು ಆರನೆಯವಳು ಅಂತ. ಕ್ರಮ ಅನ್ನೋದು ಹೇಳುವವರಿಗೆ ಎಚ್ಚರಿಕೆ, ಕೇಳುವವರಿಗೆ ರ‍್ಯಾಂಕು. ಇಬ್ಬರದೂ ತಪ್ಪಲ್ಲ.

ಎರಡನೇ ದಿನ ಡಾಕ್ಟರ ಮಾತು ಬಂತು. ಅಮ್ಮನಿಗೆ ಯಾರನ್ನಾದರೂ ಕೇಳಬೇಕಿತ್ತು, ಪರಿಚಯದವರನ್ನು ಕೇಳುವ ಹಾಗಿಲ್ಲ, ಉಳಿದದ್ದು ಡಾಕ್ಟರು. ಅವಳು ಮೊದಲು ಸಿಡಿಮಿಡಿಗೊಂಡಳು. ಆಮೇಲೆ ಒಪ್ಪಿದಳು, ಒಂದೇ ಷರತ್ತಿನ ಮೇಲೆ: ಯಾರ ಹತ್ತಿರ ಅನ್ನೋದು ತನ್ನ ಆಯ್ಕೆ. ಸರಿ ಮಾಡುತ್ತೇನೆ ಅಂತ ಹೇಳುವವರ ಕೈಗೆ ಸಿಕ್ಕಿದರೆ ಆಗುವ ಹಾನಿ ಅವಳಿಗೆ ಗೊತ್ತಿತ್ತು. ಹೋದ ಕಡೆ ಆಪ್ತಸಲಹೆಗಾರ್ತಿ ಅಮ್ಮನನ್ನು ಮಾತ್ರ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತನ್ನ ಪಟ್ಟಿಯಿಂದ ತೆಗೆಯಲು ಒಪ್ಪಿದ್ದು, ಎಲ್ಲ ಹೇಳಿದರು. ಅಮ್ಮ ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರು, ಸಹಿ ಸಮೇತ. ನಾನಾಗಿದ್ದರೆ ನಗುತ್ತಿದ್ದೆನೇನೋ. ಮಗಳು ನಗಲಿಲ್ಲ. ನಾಳೆ ಯಾರಾದರೂ 'ನಿನ್ನ ಸಾಕಣೆಯ ತಪ್ಪು' ಅಂದರೆ ತೋರಿಸೋಕೆ ಅಮ್ಮನ ಕೈಯಲ್ಲಿ ಏನಾದರೂ ಇರಬೇಕಲ್ಲ.

ಹೆತ್ತವರಿಗೂ ಹೇಳುವ ಕೆಲಸ ಶುರುವಾಗುತ್ತೆ ಅನ್ನೋದನ್ನು ಮೊದಲು ಬೀದಿಯಲ್ಲಿ ತೋರಿಸಿದವರಲ್ಲಿ ಜೀನ್ ಮ್ಯಾನ್‌ಫರ್ಡ್ ಒಬ್ಬರು, ನ್ಯೂಯಾರ್ಕಿನ ಶಾಲಾ ಶಿಕ್ಷಕಿ. 1972ರ ಜೂನ್‌ನಲ್ಲಿ ಗೇ ಆಗಿದ್ದ ಮಗನ ಜೊತೆ ಗೇ ಜನರ ಮೆರವಣಿಗೆಯಲ್ಲಿ ನಡೆದರು, ಕೈಯಲ್ಲಿ ಹೆತ್ತವರನ್ನು ಕರೆಯುವ ಫಲಕ. ದಾರಿಯುದ್ದಕ್ಕೂ ಹುಡುಗರು ಹುಡುಗಿಯರು ಓಡಿಬಂದು, ನಮ್ಮ ಅಪ್ಪ ಅಮ್ಮನ ಹತ್ತಿರ ಸ್ವಲ್ಪ ಮಾತಾಡಿ ಅಂತ ಕೇಳಿಕೊಂಡರು. ಮುಂದಿನ ವರ್ಷ ಹೆತ್ತವರ ಮೊದಲ ಸಭೆ ನಡೆದಾಗ ಬಂದವರು ಸುಮಾರು 20 ಜನ. ಈಗ ಪಿಎಫ್‌ಎಲ್‌ಎಜಿ ಅನ್ನುವ ದೊಡ್ಡ ಸಂಸ್ಥೆ ಅದು. ನಮ್ಮ ಪ್ರಕರಣದ ಅಮ್ಮನಿಗೆ ಮೆರವಣಿಗೆ ದೂರದ ಮಾತು. ಆದರೆ ಇನ್ನೊಬ್ಬ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿಸಿದ ಮೇಲೆ ಅವರ ನಿದ್ದೆ ಮರಳಿ ಬಂತು. ಮಗಳು ವರ್ಷಗಟ್ಟಲೆ ಹೇಳಿದರೂ ಆಗದ ಕೆಲಸ ಅದು, ಯಾಕೆಂದರೆ ಆ ಪ್ರಶ್ನೆಗಳು ಮಗಳನ್ನು ಕೇಳುವಂಥವಲ್ಲ.

'ಅಪ್ಪನಿಗೆ ಹೇಳಬೇಡ. ನಾನು ನೋಡ್ಕೊಳ್ತೀನಿ' ಅಂದರು ಅಮ್ಮ. ಸುದ್ದಿ ಇಲಾಖೆ ಮತ್ತೆ ಕೆಲಸ ಶುರು ಮಾಡಿತು.

ಉಳಿದವರು

ಚಿಕ್ಕಮ್ಮನಿಗೆ ಅಮ್ಮನೇ ಹೇಳಿದರು, ಮಗಳನ್ನು ಕೇಳದೆ. ಗೊತ್ತಾದಾಗ ಅವಳಿಗೆ ಸಿಟ್ಟು ಬಂತು. ಆದರೆ ಅಮ್ಮನಿಗೂ ಒಬ್ಬ ಗೆಳತಿ ಬೇಕಲ್ಲ, ಅದು ಚಿಕ್ಕಮ್ಮ ಅಂತ ಆಮೇಲೆ ಬಿಟ್ಟಳು. ಮನೆ ಓನರ್ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಬಾಡಿಗೆ ಕರಾರು ಅವರ ಕೈಯಲ್ಲಿದೆ, ಮಾತು ಕೊಟ್ಟು ತೆಗೆದುಕೊಳ್ಳುವ ಸಂಬಂಧ ಇಲ್ಲ, ಹೇಳಿದರೆ ಸಿಗೋದು ಏನೂ ಇಲ್ಲ, ಹೋಗೋದು ಸೂರು. ಇದನ್ನು ಹೇಡಿತನ ಅಂತ ಕರೆದ ಒಬ್ಬರು ಇದ್ದರು, ಅವಳಿಗೆ ಪರಿಚಯದ ಒಬ್ಬ ಕಾರ್ಯಕರ್ತರು. 'ಎಲ್ಲರೂ ಹೇಳಿದರೆ ತಾನೇ ಸಮಾಜ ಬದಲಾಗೋದು' ಅಂತ. ದೊಡ್ಡ ಲೆಕ್ಕದಲ್ಲಿ ಅವರ ಮಾತು ಸುಳ್ಳಲ್ಲ, ಪರಿಚಯ ಇದ್ದವರಿಗೆ ಪೂರ್ವಗ್ರಹ ಕಮ್ಮಿ. ಆದರೆ ಆ ದೊಡ್ಡ ಲೆಕ್ಕದ ಬಿಲ್ಲನ್ನು ಅವಳೊಬ್ಬಳೇ ಯಾಕೆ ಕಟ್ಟಬೇಕು? ನಿಕೋಲ್ ಲೆಗೇಟ್ ಮತ್ತು ಜೊತೆಗಾರರು 2012ರಲ್ಲಿ ಮನೆ, ಗೆಳೆಯರು, ಕೆಲಸದ ಜಾಗ ಹೀಗೆ ಬೇರೆ ಬೇರೆ ಕಡೆ ಹೇಳಿಕೊಂಡದ್ದನ್ನು ಬಿಡಿಬಿಡಿಯಾಗಿ ನೋಡಿದರು. ನೀನು ನೀನಾಗಿರು ಅನ್ನುವಂಥ ಜಾಗದಲ್ಲಿ ಹೇಳಿದವರ ಮನಸ್ಸು ಚೆನ್ನಾಗಿತ್ತು. ಹಿಡಿತದಲ್ಲಿಡುವಂಥ ಜಾಗದಲ್ಲಿ ಹೇಳಿದ್ದರಿಂದ ಆ ಲಾಭ ಕಾಣಲಿಲ್ಲ. ಓನರ್ ಹೆಸರಿನ ಮೇಲಿನ ಅಡ್ಡಗೆರೆ ಅವಳ ಪಟ್ಟಿಯಲ್ಲಿ ತಲೆ ಓಡಿಸಿ ಎಳೆದ ಗೆರೆ ಅಂತ ನಾನು ಹೇಳುತ್ತೇನೆ.

ಅಪ್ಪನ ವಿಷಯ ಕಷ್ಟದ್ದು. ಗೊತ್ತಿದೆಯೋ ಇಲ್ಲವೋ ಅನ್ನೋದೇ ಗೊತ್ತಿಲ್ಲ. ನ್ಯೂಯಾರ್ಕಿನಲ್ಲಿರುವ ಡೊಮಿನಿಕನ್ ರಿಪಬ್ಲಿಕ್ ಮೂಲದ ಗೇ ಗಂಡಸರನ್ನು ಮಾತಾಡಿಸಿದ ಸಂಶೋಧಕ ಕಾರ್ಲೋಸ್ ಡೆಸೆನಾ ಒಂದು ಒಳ್ಳೆಯ ಮಾತು ಹೇಳುತ್ತಾರೆ. ಕೆಲವು ಮನೆಗಳಲ್ಲಿ ವಿಷಯ ಎಲ್ಲರಿಗೂ ಗೊತ್ತಿರುತ್ತೆ, ಯಾರೂ ಬಾಯಿ ಬಿಟ್ಟು ಹೇಳಲ್ಲ, ಹಾಗಂತ ಅದು ಮುಚ್ಚಿಟ್ಟದ್ದೂ ಅಲ್ಲ. ವಾಕ್ಯದಲ್ಲಿ ಕರ್ತೃಪದ ಬಿಟ್ಟರೂ ಅರ್ಥ ಆಗುತ್ತಲ್ಲ, ಹಾಗೆ. 'ಬಂದೆ' ಅಂದರೆ ಸಾಕು, 'ನಾನು' ಅಂತ ಹೇಳಬೇಕಾಗಿಲ್ಲ. ನನಗೆ ಈ ಮಾತು ಇಷ್ಟ, ಆದರೆ ಪೂರ್ತಿ ನಂಬಿಕೆ ಇಲ್ಲ. ಮೌನದಲ್ಲಿ ಒಪ್ಪಿಗೆಯೂ ಇರಬಹುದು, 'ಹೇಳಿದರೆ ನೋಡು' ಅನ್ನುವ ಬೆದರಿಕೆಯೂ ಇರಬಹುದು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ನಾಲ್ಕು ವರ್ಷ ಅಪ್ಪ ಫೋನಿನಲ್ಲಿ ಅವಳ ಜೊತೆಗಾತಿಯ ಸುದ್ದಿ ಎತ್ತಿದ್ದೇ ಅಪರೂಪ. ಎತ್ತಬೇಕಾದರೆ 'ನಿಮ್ಮ ರೂಮ್‌ನವರು' ಅನ್ನುತ್ತಿದ್ದರು. ಮೊನ್ನೆ ಎಂದಿನಂತೆ ಭಾನುವಾರ ಫೋನ್ ಮಾಡಿದರು. ಮಳೆ, ಬಿಸಿಲು, ಕೆಲಸ, ತಮ್ಮನ ಸುದ್ದಿ ಎಲ್ಲ ಆಯ್ತು. ಇಡುತ್ತೇನೆ ಅಂದವರು ಇಡಲಿಲ್ಲ.

'ಅವಳಿಗೆ ಜ್ವರ ಅಂತಿದ್ರಲ್ಲ, ಬಿಡ್ತಾ?'

'ಬಿಡ್ತು ಅಪ್ಪ.'

'ಹುಷಾರಾಗಿ ನೋಡ್ಕೋ' ಅಂದು ಫೋನ್ ಇಟ್ಟರು.

ಜ್ವರದ ವಿಷಯ ಅವಳು ಹೇಳಿದ್ದು ಅಮ್ಮನಿಗೆ ಮಾತ್ರ. ಅಮ್ಮ ಇನ್ನೇನು ಹೇಳಿದ್ದಾರೆ ಅಂತ ಅವಳು ಕೇಳಿಲ್ಲ. ಅವತ್ತು ರಾತ್ರಿ ನೋಟ್ಸ್ ತೆಗೆದು ಏಳನೇ ಸಾಲಿನ ಮುಂದೆ ಟಿಕ್ ಹಾಕಿದಳು, ಅಳಿಸಿದಳು, ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಹಾಗೇ ಬಿಟ್ಟಿದ್ದಾಳೆ.